ಪಂಚಾಂಗ ನೋಡಿ ಹೋಟೆಲ್ ಬುಕ್ ಮಾಡಿದೆ

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ನನ್ನದೊಂದು ಹತ್ತಿ ಅಡತಿ (ಕಮಿಷನ್ ವ್ಯಾಪಾರ) ಅಂಗಡಿ ಇದೆ. ಚಿಕ್ಕದು. ಮನೆಯಲ್ಲಿ ಎರಡು ಮಕ್ಕಳು. ಮಗಳಿಗೆ ನಾಲ್ಕೂವರೆ, ಮಗನಿಗೆ ಒಂದೂವರೆ. ಇಬ್ಬರನ್ನೂ ಕಟ್ಟಿಕೊಂಡು ಮುಂಬೈಗೆ ಹೋಗಿ, ಸಮುದ್ರ ದಂಡೆಯ ರಸ್ತೆ ಮರೀನ್ ಡ್ರೈವ್‌ನ ದೊಡ್ಡ ಹೋಟೆಲೊಂದರಲ್ಲಿ ಎರಡು ರಾತ್ರಿ ಇದ್ದು ಬಂದೆವು. ಹೆಂಡತಿ ಜೊತೆ ಜಗಳ ಆಗಲಿಲ್ಲ. ಮಕ್ಕಳಿಗೆ ಜ್ವರ ಬರಲಿಲ್ಲ. ಖರ್ಚು ನಲವತ್ತು ಸಾವಿರದೊಳಗೆ ಮುಗಿಯಿತು. ಗಂಜ್‌ನಲ್ಲಿ ಇದನ್ನು ಇನ್ನೂ ಯಾರೂ ಪೂರ್ತಿ ನಂಬಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಂಬದೇ ಇರೋದಕ್ಕೆ ಕಾರಣವೂ ಇದೆ. ಇದಕ್ಕೆ ಮುಂಚೆ ಎರಡು ಸಲ ಕೈ ಸುಟ್ಟುಕೊಂಡಿದ್ದೆ.

ಮೊದಲನೇದು ಹೈದರಾಬಾದ್. ಹುಸೇನ್ ಸಾಗರದ ದಂಡೆಯ ಒಂದು ಹೋಟೆಲು. ಆಗ ಮಗಳು ಒಬ್ಬಳೇ, ಎರಡು ವರ್ಷದವಳು. ಅಂಗಡಿ ಮುಚ್ಚಿ ಸಂಜೆ ಕಾರಿನಲ್ಲಿ ಹೊರಟೆವು. ಸುಮಾರು 200 ಕಿಲೋಮೀಟರ್. ಮುಟ್ಟಿದಾಗ ರಾತ್ರಿ ಹತ್ತು. ಮಗು ಹೆಗಲ ಮೇಲೆ ನಿದ್ದೆ. ಬೆಳಿಗ್ಗೆ ಎದ್ದು, ಸ್ನಾನ ಮಾಡಿಸಿ, ತಿಂಡಿ ತಿನ್ನಿಸೋ ಹೊತ್ತಿಗೆ ರೂಮ್ ಬಿಡುವ ಸಮಯ ಆಗಿತ್ತು. ಕೆರೆಯ ಮಧ್ಯದ ಬುದ್ಧನನ್ನು ಲಿಫ್ಟ್ ಪಕ್ಕದ ಕಿಟಕಿಯಿಂದ ನೋಡಿದ್ದಷ್ಟೇ ಬಂತು. ಹದಿನೈದು ಸಾವಿರ ಹೋಯಿತು. ಆಮೇಲೆ ಲೆಕ್ಕ ಹಾಕಿದೆ. ನಾವು ಅಲ್ಲಿ ಎಚ್ಚರವಾಗಿ ಇದ್ದಿದ್ದು ಐದು ಗಂಟೆ. ಗಂಟೆಗೆ ಮೂರು ಸಾವಿರ!

ಎರಡನೇದು ಇನ್ನೂ ದುಬಾರಿ. ಹೋದ ವರ್ಷ ಡಿಸೆಂಬರ್ ಕೊನೆಗೆ ಮುಂಬೈ. ಹತ್ತಿ ಸೀಸನ್ ಜೋರಾಗಿತ್ತು, ಕೈಯಲ್ಲಿ ದುಡ್ಡಿತ್ತು, ತಲೆಯಲ್ಲಿ ಬುದ್ಧಿ ಇರಲಿಲ್ಲ. ಕುರ್ಲಾದಲ್ಲಿ ನಿಲ್ಲುವ ರೈಲಿಗೆ ಟಿಕೆಟ್ ಮಾಡಿದೆ. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾ ಹತ್ತಿರದ ಹೋಟೆಲಿಗೆ ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ. ಮಗ ಮೂರು ಸಲ ವಾಂತಿ ಮಾಡಿದ. ರೂಮಿಗೆ 'ಪಾರ್ಶಲ್ ಸೀ ವ್ಯೂ' ಅಂತ ಹೆಸರು. ಬಲಗಡೆ ಮೂಲೆಗೆ ಹೋಗಿ ಗಾಜಿಗೆ ಕೆನ್ನೆ ಒತ್ತಿದರೆ ಒಂದು ಬೆರಳಿನಷ್ಟು ನೀರು ಕಾಣುತ್ತದೆ. ಅದಕ್ಕೆ ರಾತ್ರಿಗೆ 20 ಸಾವಿರದ ಮೇಲೆ ಕೊಟ್ಟಿದ್ದೆ.

ಸೋಮವಾರ ದೋಣಿಯಲ್ಲಿ ಎಲಿಫೆಂಟಾಕ್ಕೆ ಹೋಗೋಣ ಅಂದುಕೊಂಡಿದ್ದೆ. ಸೋಮವಾರ ಗುಹೆಗಳಿಗೆ ರಜೆ. ಅದು ಗೊತ್ತಾಗಿದ್ದು ಗೇಟ್‌ವೇ ಮುಂದೆ ನಿಂತ ಮೇಲೆ. ಸರಿ, ವಾಪಸ್ ಬಂದು ಈಜುಕೊಳಕ್ಕೆ ಇಳಿಸೋಣ ಅಂದರೆ ಅಲ್ಲಿಯ ಹುಡುಗ ಮಗಳ ಬಟ್ಟೆ ಮುಟ್ಟಿ ನೋಡಿ, 'ಸರ್, ಕಾಟನ್ ನಡೆಯಲ್ಲ, ನೈಲಾನ್ ಬೇಕು' ಅಂದ. ಮೂರು ತಲೆಮಾರಿನಿಂದ ಹತ್ತಿ ಮಾರುವ ಮನೆಯವನಿಗೆ ಈ ಮಾತು! ಕೆಳಗಿನ ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ನೈಲಾನ್ ಚಡ್ಡಿ ತಂದೆ. ಅದನ್ನು ಹಾಕಿಕೊಂಡು ಅವಳು ನೀರಿಗೆ ಇಳಿಯಲೇ ಇಲ್ಲ. ತಣ್ಣಗಿದೆ ಅಂದಳು. ಒಟ್ಟು ಖರ್ಚು ಐವತ್ತೆರಡು ಸಾವಿರ ದಾಟಿತು. ನಮ್ಮವ್ವ ಒಂದೇ ಮಾತು ಹೇಳಿದರು: 'ನೀರು ತೋರಿಸಾಕ ದೇವಸುಗೂರಿಗೆ ಹೋಗಿದ್ರ ಸಾಕಿತ್ತು. ಕೃಷ್ಣಾ ಹೊಳಿ ಪುಕ್ಸಟ್ಟೆ ಐತಿ.'

ಆ ಪ್ರವಾಸದಲ್ಲಿ ಒಂದೇ ಒಂದು ಲಾಭ ಆಯಿತು. ಸುಮ್ನೆ ಒಂದು ಸಂಜೆ ಮಕ್ಕಳನ್ನು ಗಿರ್ಗಾಂವ್ ಚೌಪಾಟಿ ಬೀಚಿಗೆ ಒಯ್ದಿದ್ದೆ. ನಡು ಮಧ್ಯಾಹ್ನ ಮರೀನ್ ಡ್ರೈವ್‌ನಲ್ಲಿ ಕಂಡಾಗ ನೀರು ದೂರ ಸರಿದು ಬರೀ ಕಪ್ಪು ಕಲ್ಲುಗಳಿದ್ದವು. ಮಗಳು 'ಸಮುದ್ರ ಎಲ್ಲಿ?' ಅಂತ ಕೇಳಿದ್ದಳು. ಸಂಜೆ ನೋಡಿದರೆ ನೀರು ಬಂದಿದೆ. ಭೇಲ್ ಮಾರುವ ಮುದುಕ ನಕ್ಕು, ಇವತ್ತು ಅಷ್ಟಮಿ ಅಲ್ವಾ, ಉಬ್ಬರ ಆರಕ್ಕೇ ಅಂದ. ಆಮೇಲೆ ಕೊಂಕಣದ ಮೀನುಗಾರರ ಲೆಕ್ಕ ಹೇಳಿಕೊಟ್ಟ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಬೇಕು. ಬರುವ ಸಂಖ್ಯೆಯೇ ಉಬ್ಬರದ ಗಂಟೆ, ಹಗಲಿಗೂ ರಾತ್ರಿಗೂ. ಅಷ್ಟಮಿ ಅಂದರೆ ಎಂಟು, ಅದರ ಮುಕ್ಕಾಲು ಆರು. ಪಾಡ್ಯಕ್ಕೆ ಮುಕ್ಕಾಲು ಗಂಟೆ, ಅಂದರೆ ಹನ್ನೆರಡೂ ಮುಕ್ಕಾಲು. ಬಿದಿಗೆಗೆ ಒಂದೂವರೆ. ಅಮಾವಾಸ್ಯೆ, ಹುಣ್ಣಿಮೆಗೆ ಮಧ್ಯಾಹ್ನದ ಹತ್ತಿರ. ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಅಷ್ಟಮಿ ಹೊತ್ತಿಗೆ ನೀರು ಏರೋದೂ ಕಡಿಮೆ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಜಾಸ್ತಿ.

ಊರಿಗೆ ಬರುವಾಗ ರೈಲಿನಲ್ಲಿ ಇದೇ ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಮಕ್ಕಳು ಹನ್ನೊಂದರಿಂದ ಎರಡರವರೆಗೆ ಚೆನ್ನಾಗಿರುತ್ತಾರೆ. ಎರಡಕ್ಕೆ ನಿದ್ದೆ. ಅದು ತಪ್ಪಿದರೆ ಇಡೀ ದಿನ ಹಾಳು. ಹಾಗಾದರೆ ಉಬ್ಬರ ಹನ್ನೆರಡೂ ಮುಕ್ಕಾಲರಿಂದ ಎರಡರ ನಡುವೆ ಬರಬೇಕು. ಅಂದರೆ ಅಮಾವಾಸ್ಯೆಯೋ ಹುಣ್ಣಿಮೆಯೋ ಆದ ಮೇಲೆ ಎರಡು ದಿನ. ಮಳೆಗಾಲ ಆದರೆ ಅಲೆ ಗೋಡೆ ಹತ್ತುತ್ತದೆ. ಮಳೆಗಾಲದಲ್ಲಿ ಹೋಟೆಲ್ ದರವೂ ಬೀಳುತ್ತದೆ. ನನ್ನ ಅಂಗಡಿಯಲ್ಲಿ ಆಗ ನೊಣ ಹೊಡೆಯುವ ಕಾಲ. ಹತ್ತಿ ಬರೋದೇ ದಸರಾ ಕಡೆಗೆ. ಎಲ್ಲವೂ ಒಂದೇ ಕಡೆ ಬಂದು ಕೂತಿತು.

ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಗೊತ್ತು ಮಾಡಿದೆ. ಮನೆಯಲ್ಲಿ ಗಲಾಟೆ. ಅಮಾವಾಸ್ಯೆ ದಿನ ಯಾರಾದರೂ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರಾ ಅಂತ ಅವ್ವ. ಮಳೆಯಲ್ಲಿ ಮುಂಬೈಗೆ ಹೋಗೋದು ಮುಳುಗೋಕಾ ಅಂತ ಮಾವ. ಮುಂಬೈ ಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ನಾಲ್ಕೂವರೆ ಮೀಟರ್‌ಗಿಂತ ಎತ್ತರದ ಉಬ್ಬರದ ದಿನಗಳ ಪಟ್ಟಿ ಕೊಡುತ್ತದೆ. ಅದನ್ನು ತೆಗೆದು ನೋಡಿದೆ. ನನ್ನ ಮುಕ್ಕಾಲಿನ ಲೆಕ್ಕಕ್ಕೂ ಅದಕ್ಕೂ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು.

ಬುಕಿಂಗ್ ಫೋನಿನಲ್ಲೇ ಮಾಡಿದೆ. ಆ್ಯಪ್‌ನಲ್ಲಿ ಹದಿಮೂರು ಸಾವಿರದ ಮೇಲೆ ತೋರಿಸುತ್ತಿತ್ತು, ತಿಂಡಿ ಬಿಟ್ಟು. ನಾನು ಮೂರು ದಿನ ಬಿಟ್ಟು ಬಿಟ್ಟು ಫೋನ್ ಮಾಡಿದೆ. ಗಂಜ್‌ನಲ್ಲಿ ಕ್ವಿಂಟಲಿಗೆ ಇಪ್ಪತ್ತು ರೂಪಾಯಿಗೆ ಅರ್ಧ ದಿನ ಮಾತಾಡುವವರು ನಾವು. ಕೊನೆಗೆ ತಿಂಡಿ ಸೇರಿ ಹನ್ನೊಂದು ಸಾವಿರಕ್ಕೆ ಬಂತು. ಮೇಲೆ 18% ಜಿ.ಎಸ್.ಟಿ. ರೂಮಿನ ದರ 7,500 ದಾಟಿದರೆ ಅದು ತಪ್ಪೋದಿಲ್ಲ. ಹಾಗಾಗಿ ರಾತ್ರಿಗೆ ಸುಮಾರು ಹದಿಮೂರು ಸಾವಿರ. ಫೋನಿನಲ್ಲಿ ಮೂರೇ ವಿಷಯ ಖಚಿತ ಮಾಡಿಕೊಂಡೆ. ಪೂರ್ತಿ ಸಮುದ್ರ ಕಾಣುವ ಕಿಟಕಿ ಬೇಕು, ಕಿಟಕಿ ತೆರೆಯುವಂತಿರಬಾರದು, ಬಾಲ್ಕನಿ ಬೇಡವೇ ಬೇಡ. ಮಹಡಿ ಬಗ್ಗೆಯೂ ಒಂದು ಮಾತಿದೆ. ತೀರಾ ಮೇಲೆ ಹೋದರೆ ಅಲೆ ಚಪಾತಿ ಥರ ಚಪ್ಪಟೆ ಕಾಣುತ್ತದೆ. ತೀರಾ ಕೆಳಗಾದರೆ ಬರೀ ರಸ್ತೆ. ನಡುವೆ ಸರಿಯಾದ ಮಹಡಿ ಒಂದಿದೆ. ಎಷ್ಟನೇದು ಅಂತ ಮಾತ್ರ ಕೇಳಬೇಡಿ. ಮುಂದಿನ ಸಲ ನನಗೇ ಸಿಗಲ್ಲ.

ಇನ್ನೊಂದು ತೊಡಕಿತ್ತು. ಪಾಡ್ಯದ ಉಬ್ಬರ ಹನ್ನೆರಡೂ ಮುಕ್ಕಾಲಿಗೆ, ರೂಮ್ ಕೊಡೋದು ಎರಡು ಗಂಟೆಗೆ. ನನಗೆ ಹನ್ನೊಂದೂವರೆಗೇ ಕೀಲಿ ಸಿಕ್ಕಿತು, ಒಂದು ರೂಪಾಯಿ ಜಾಸ್ತಿ ಕೊಡದೆ. ಅದನ್ನು ಹೇಗೆ ಮಾಡಿದೆ ಅನ್ನೋದನ್ನೂ ಇಟ್ಟುಕೊಳ್ಳುತ್ತೇನೆ. ವಾರದ ನಡುವೆ ಹೋಗಿದ್ದು ಅರ್ಧ ಕಾರಣ, ಅಷ್ಟು ಹೇಳಬಲ್ಲೆ.

ಅಮಾವಾಸ್ಯೆ ಸಂಜೆ ಮಣ್ಣೆತ್ತಿಗೆ ಪೂಜೆ ಮಾಡಿ, ಹೋಳಿಗೆ ಉಂಡು ರಾತ್ರಿ ರೈಲು ಹತ್ತಿದೆವು. ಈ ಸಲ ದಕ್ಷಿಣ ಮುಂಬೈನ ಸಿ.ಎಸ್.ಎಂ.ಟಿ. ನಿಲ್ದಾಣದವರೆಗೆ ಹೋಗುವ ರೈಲು. ಅಲ್ಲಿಂದ ಮರೀನ್ ಡ್ರೈವ್ ಹತ್ತು ನಿಮಿಷ, ಟ್ಯಾಕ್ಸಿಗೆ ನೂರು ಚಿಲ್ಲರೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಇಲ್ಲ. ಮಗಳಿಗೆ ಐದು ತುಂಬೋದರೊಳಗೆ ಹೋಗಬೇಕು ಅನ್ನುವ ಅವಸರ ಅದಕ್ಕೇ ಇತ್ತು. ಲೋನಾವಳಾ ದಾಟಿದ ಮೇಲೆ ಘಾಟಿನಲ್ಲಿ ಎಲ್ಲ ಕಡೆ ಸಣ್ಣ ಸಣ್ಣ ಜಲಪಾತ. ರಾಯಚೂರಿನ ಬಿಸಿಲಲ್ಲಿ ಬೆಳೆದ ಮಕ್ಕಳು ಕಿಟಕಿ ಬಿಟ್ಟು ಏಳಲಿಲ್ಲ.

ಮೊದಲ ದಿನ ಸೋತೆ. ಮಳೆ ಎಷ್ಟು ಜೋರು ಅಂದರೆ ಹನ್ನೆರಡೂ ಮುಕ್ಕಾಲಿಗೆ ಕಿಟಕಿಯ ಆಚೆ ಬರೀ ಬಿಳಿ. ಮಳೆ ಸ್ವಲ್ಪ ನಿಂತ ಮೇಲೂ ಏನೂ ಕಾಣಲಿಲ್ಲ. ಗಾಜು ಒರೆಸಿದೆ, ಹೋಗಲಿಲ್ಲ. ಆಮೇಲೆ ಹೊಳೆಯಿತು: ಮಂಜು ಕೂತಿದ್ದು ಹೊರಗಡೆ. ಎ.ಸಿ. ಹದಿನೆಂಟಕ್ಕೆ ಇಟ್ಟಿದ್ದೆವು. ಗಾಜು ತಣ್ಣಗಾಗಿ ಹೊರಗಿನ ಹಸಿ ಗಾಳಿ ಅದರ ಮೇಲೆ ನೀರಾಗುತ್ತಿತ್ತು. 26ಕ್ಕೆ ಏರಿಸಿ ಅರ್ಧ ಗಂಟೆ ಬಿಟ್ಟರೆ ಗಾಜು ತಿಳಿಯಾಯಿತು. ಅಷ್ಟರಲ್ಲಿ ಇಬ್ಬರೂ ನಿದ್ದೆ.

ಊಟದ ವಿಷಯ. ದೊಡ್ಡ ಹೋಟೆಲಿನ ಬಫೆಯಲ್ಲಿ ಎಪ್ಪತ್ತೆಂಬತ್ತು ಬಗೆ ಇರುತ್ತದೆ, ನಮ್ಮ ಮಗಳು ತಿನ್ನೋದು ಇಡ್ಲಿ ಒಂದೇ. ಅದಕ್ಕೆ ಚಿಂತೆ ಬೇಡ. ತಿಂಡಿಗೆ ಒಂಬತ್ತೂವರೆಗೆ ಹೋಗಿ ಹತ್ತೂವರೆಗೆ ಏಳೋದು, ಮಧ್ಯಾಹ್ನದ ಊಟ ಹಾರಿಸೋದು. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಂದಿದ್ದೆವು. ಮೊಸರು ಮಾತ್ರ ರೂಮಿಗೆ ತರಿಸಿದೆ. ಒಂದು ಬಟ್ಟಲಿಗೆ ಮುನ್ನೂರರ ಹತ್ತಿರ ಬಿಲ್ ಆಯಿತು, ಅದೊಂದು ಇವತ್ತಿಗೂ ಚುಚ್ಚುತ್ತದೆ. ಕೆಟಲ್‌ನಲ್ಲಿ ಹಾಲು ಕಾಯಿಸಲು ಹೋಗಿ ತಳ ಹಿಡಿಸಿದೆ. ಉಜ್ಜಿ ಉಜ್ಜಿ ಸಾಕಾಯಿತು. ಆದರೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಗೆದ್ದಿತು. ಒಗ್ಗರಣೆ ಪುಡಿ ಮನೆಯಲ್ಲೇ ಒಣದಾಗಿ ಮಾಡಿ ತಂದಿದ್ದಳು ನನ್ನ ಹೆಂಡತಿ. ಐಸ್ ಬಕೆಟ್ಟಿನಲ್ಲಿ ಮಂಡಾಳು ನೆನೆಸಿ, ಹಿಂಡಿ, ಪುಡಿ ಕಲೆಸಿದಳು. ಮಿರ್ಚಿ ಒಂದು ಇರಲಿಲ್ಲ. ಉಳಿದಂತೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ನಿಂತು ತಿಂದಂಗೇ ಇತ್ತು.

ಬಿದಿಗೆ ದಿನ ಮಳೆ ಬಿಡುವು ಕೊಟ್ಟಿತು. ಒಂದು ಗಂಟೆಗೆ ಕುರ್ಚಿ ಎರಡು ಕಿಟಕಿಗೆ ತಿರುಗಿಸಿದೆ. ಮಗನನ್ನು ತೊಡೆ ಮೇಲೆ ಕೂರಿಸಿಕೊಂಡೆ. ಕೆಳಗೆ ಪೊಲೀಸರು ಜನರನ್ನು ಗೋಡೆಯಿಂದ ಹಿಂದೆ ಕಳಿಸುತ್ತಿದ್ದರು. ಒಂದೂ ಇಪ್ಪತ್ತಕ್ಕೆ ಮೊದಲ ದೊಡ್ಡ ಅಲೆ. ಅಲೆ ತಡೆಯಲು ದಂಡೆಗೆ ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳಿಗೆ ಬಡಿದು, ಗೋಡೆ ಹಾರಿ, ಫುಟ್‌ಪಾತ್ ದಾಟಿ ರಸ್ತೆಗೆ ಬಿತ್ತು. ಮಗ ಬಾಯಿ ತೆಗೆದು ಕೂತ. ಮಗಳು ಚೀರಿದಳು: 'ಅಪ್ಪಾ, ಹೊಳಿ ಎದ್ದು ನಿಂತೈತಿ!' ಮುಕ್ಕಾಲು ಗಂಟೆ ಇಬ್ಬರೂ ಅಲ್ಲಾಡಲಿಲ್ಲ. ಮೊಬೈಲ್ ಕೇಳಲಿಲ್ಲ. ಎರಡೂ ಐದಕ್ಕೆ ಅಲ್ಲೇ ಕುರ್ಚಿಯಲ್ಲೇ ನಿದ್ದೆ. ನನ್ನ ಹೆಂಡತಿ ಮದುವೆ ಆದ ಮೇಲೆ ಮೊದಲ ಸಲ ಅಂತೆ, ಮಧ್ಯಾಹ್ನ ಬಿಸಿ ಚಹಾ ಬಿಸಿಯಾಗಿಯೇ ಕುಡಿದಳು.

ಊರು ಸುತ್ತಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ದುಡ್ಡು ಕೊಟ್ಟಿದ್ದು ಕಿಟಕಿಗೆ. ಒಂದು ಸಂಜೆ ನಾನೊಬ್ಬನೇ ಲೋಕಲ್ ಹತ್ತಿ ಕಾಟನ್ ಗ್ರೀನ್ ಸ್ಟೇಷನ್‌ವರೆಗೆ ಹೋಗಿ ಬಂದೆ. ಹತ್ತಿ ಹೆಸರಿನಲ್ಲಿ ಸ್ಟೇಷನ್ ಇದೆ ಅಂದಮೇಲೆ ನೋಡದೆ ಇರೋಕಾಗುತ್ತಾ? ನನ್ನ ತಾತ ನಮ್ಮ ಹತ್ತಿ ಬೊಂಬಾಯಿಗೆ ಹೋಗುತ್ತದೆ ಅಂತ ಹೇಳುತ್ತಿದ್ದರು.

ಕೊನೆಯ ಬೆಳಿಗ್ಗೆ ಇನ್ನೊಂದು ಕಥೆ. ಬಾತ್‌ಟಬ್ ತುಂಬಿಸಿ ಇಬ್ಬರನ್ನೂ ಬಿಟ್ಟಿದ್ದೆವು. ಟಬ್ಬಿಗಿಟ್ಟ ಹೆಸರು ಟಿ.ಬಿ. ಡ್ಯಾಮ್, ಅಂದರೆ ತುಂಗಭದ್ರಾ ಅಣೆಕಟ್ಟು. ಹತ್ತು ನಿಮಿಷ ಸದ್ದಿಲ್ಲ. ಹೋಗಿ ನೋಡಿದರೆ ನೀರು ಪೂರ್ತಿ ಕೆಂಪು, ನನ್ನ ಎದೆ ಧಸಕ್ ಅಂತು. ಮಗಳು ಮನೆಯಿಂದ ಒಂದು ಮಣ್ಣೆತ್ತನ್ನು ಚೀಲದಲ್ಲಿ ಬಚ್ಚಿಟ್ಟು ತಂದಿದ್ದಳು. 'ಪೂಜೆ ಆದ ಮ್ಯಾಲ ನೀರಿಗೆ ಬಿಡಬೇಕು ಅಂತ ಅವ್ವ ಹೇಳ್ಯಾಳ' ಅಂದಳು. ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ಮಣ್ಣು ಪೈಪಿಗೆ ಹೋಗದಂತೆ ಲೋಟದಲ್ಲಿ ತೋಡಿ ತೋಡಿ ಕಸದ ಬುಟ್ಟಿಗೆ ಹಾಕಿದೆ. ರೂಮ್ ಸ್ವಚ್ಛ ಮಾಡುವ ಹುಡುಗನಿಗೆ 300 ಕೊಟ್ಟೆ. ಅವನು ಸೋಲಾಪುರದ ಕಡೆಯವನು, ಕೊಂಬು ಉಳಿದಿದ್ದು ನೋಡಿಯೇ ಏನು ಅಂತ ಗುರುತು ಹಿಡಿದ.

ಲೆಕ್ಕ ನೆನಪಿದ್ದಷ್ಟು: ರೂಮಿಗೆ ಇಪ್ಪತ್ತಾರು ಸಾವಿರ, ರೈಲಿಗೆ ಹೋಗಿ ಬರಲು ನಾಲ್ಕೂವರೆಯಿಂದ ಐದು, ಊಟ ಮೊಸರು ಸೇರಿ ನಾಲ್ಕು, ಟ್ಯಾಕ್ಸಿ ಭಕ್ಷೀಸು ಎರಡು. ಮೂವತ್ತೇಳು ಸಾವಿರದ ಹತ್ತಿರ. ನೈಲಾನ್ ಚಡ್ಡಿ ಈ ಸಲವೂ ಒಯ್ದಿದ್ದೆ. ಮಳೆ ಅಂತ ಕೊಳ ಮುಚ್ಚಿದ್ದರು. ಅದಕ್ಕೆ ಇನ್ನೂ ನೀರು ತಾಗಿಲ್ಲ.

ಈಗ ಹುಣ್ಣಿಮೆಯ ರಾತ್ರಿ ಉಬ್ಬರದ ಮೇಲೆ ಕಣ್ಣಿಟ್ಟಿದ್ದೇನೆ. ಹನ್ನೆರಡೂವರೆಗೆ ಬರುತ್ತದೆ. ಮಗ ಹೇಗೂ ಆ ಹೊತ್ತಿಗೆ ದಿನಾ ಏಳುತ್ತಾನೆ.