ಉದ್ರಿ ಪುಸ್ತಕದ ಹಾಳೆಗಳು: ದೀಪಾವಳಿಯಲ್ಲಿ ಹೆಸರಿಲ್ಲದೆ ಕೊಟ್ಟ ನನ್ನ ಅನುಭವ

ಹುಬ್ಬಳ್ಳಿ–ಧಾರವಾಡದ ಕಡೆ ಕಿರಾಣಿ ಅಂಗಡಿಯವರು ದೀಪಾವಳಿ ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆ ಮಾಡಿ, ಪಾಡ್ಯದ ದಿನ ಹೊಸ ಖಾತೆ ಪುಸ್ತಕ ತೆರೆಯುತ್ತಾರೆ. ವರ್ಷವಿಡೀ ಉದ್ರಿ ಕೊಟ್ಟವರು ಅಮಾವಾಸ್ಯೆಯ ಹಿಂದಿನ ವಾರ ಬಾಕಿ ಕೇಳತೊಡಗುವುದು ಅದೇ ಕಾರಣಕ್ಕೆ. ಕೈಯಲ್ಲಿ ಹಣವಿಲ್ಲದ ಮನೆಯವರು ಹಬ್ಬದ ಎಣ್ಣೆ, ಬೆಲ್ಲ, ಪುಠಾಣಿಗಾಗಿ ಅಂಗಡಿಯ ಮೆಟ್ಟಿಲು ಹತ್ತಲು ಹಿಂಜರಿಯುವುದೂ ಅದೇ ವಾರದಲ್ಲಿ. 2023ರಿಂದ ಮೂರು ದೀಪಾವಳಿಗಳಲ್ಲಿ ನಾನು ಪರಿಚಯವಿಲ್ಲದ ಕೆಲವು ಮನೆಗಳ ಬಾಕಿಯನ್ನು ಆ ವಾರದಲ್ಲಿಯೇ, ಹೆಸರು ತಿಳಿಸದೆ, ತೀರಿಸುತ್ತ ಬಂದಿದ್ದೇನೆ.

ಅದಕ್ಕೂ ಮುಂಚೆ ಪ್ರತಿ ಹಬ್ಬಕ್ಕೆ ಸಹೋದ್ಯೋಗಿಗಳ ಜೊತೆ ಸೇರಿ ಅಕ್ಕಿಯ ಚೀಲ ಹಂಚುತ್ತಿದ್ದೆವು. ಒಮ್ಮೆ ಫೋಟೊ ತೆಗೆಯುವಾಗ ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಮ್ಮಲ್ಲಿ ಒಬ್ಬರು ಸೆರಗು ಸರಿಸುವಂತೆ ಅವರಿಗೆ ಹೇಳಿದರು, ನಾನು ಸುಮ್ಮನಿದ್ದೆ. ಆ ಮೌನ ಇಂದಿಗೂ ನನ್ನನ್ನು ಕಾಡುತ್ತದೆ. ಅಲ್ಲದೆ, ಅನ್ನಭಾಗ್ಯದ ಅಕ್ಕಿ ಆ ಮನೆಗಳಲ್ಲಿ ಇದ್ದೇ ಇತ್ತು. ಉದ್ರಿ ಬೆಳೆಯುವುದು ಎಣ್ಣೆ, ಬೇಳೆ, ಸಕ್ಕರೆ, ಚಹಾಪುಡಿ, ಸಾಬೂನಿನಿಂದ ಎಂಬುದು ನನಗೆ ಖಾತೆ ಪುಸ್ತಕ ನೋಡಿದ ಮೇಲೆಯೇ ತಿಳಿಯಿತು.

ಬಾಕಿ ತೀರಿಸುವ ವಿಚಾರ ನನ್ನ ಸ್ವಂತದ್ದಲ್ಲ. ತುರ್ಕಿಯಲ್ಲಿ ರಂಜಾನ್ ತಿಂಗಳಲ್ಲಿ ಉಳ್ಳವರು ಗುರುತಿಲ್ಲದ ಓಣಿಗೆ ಹೋಗಿ, ದಿನಸಿ ಅಂಗಡಿಯ ಸಾಲದ ಪುಸ್ತಕ ತರಿಸಿ, ಕೆಲವು ಹಾಳೆಗಳ ಮೊತ್ತ ಕೊಟ್ಟು ಬರುವ ಹಳೆಯ ಪದ್ಧತಿಯಿದೆ. ಆ ಪುಸ್ತಕಕ್ಕೆ ಅಲ್ಲಿ ‘ಝಿಮೆಮ್ ದೆಫ್ತೆರಿ’ ಎನ್ನುತ್ತಾರೆ. ನಮ್ಮ ‘ದಫ್ತರ’ ಮತ್ತು ಅವರ ‘ದೆಫ್ತೆರ್’ ಒಂದೇ ಮೂಲದ ಪದಗಳೆಂದು ತಿಳಿದಾಗ ಈ ಕೆಲಸ ನಮ್ಮಲ್ಲಿಯೂ ಸಾಧ್ಯವೆಂದು ಏಕೋ ಧೈರ್ಯ ಬಂತು.

2023 ಬರದ ವರ್ಷ. ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ಹೊಲದಲ್ಲಿ ಹೆಸರು, ಶೇಂಗಾ ಕೈಕೊಟ್ಟರೆ ಅಮರಗೋಳದ ಎಪಿಎಂಸಿಗೆ ಚೀಲಗಳು ಬರುವುದಿಲ್ಲ. ಚೀಲ ಇಳಿಯದಿದ್ದರೆ ಹಮಾಲರಿಗೆ ದುಡಿಮೆಯಿಲ್ಲ. ಬರವೆಂದರೆ ರೈತರ ಸಂಕಟವೆಂದಷ್ಟೇ ನಾವು ಮಾತನಾಡುತ್ತೇವೆ, ಆದರೆ ಅದು ಹೀಗೆ ಊರಿನ ಓಣಿಗಳಿಗೂ ಬಂದು ಸೇರುತ್ತದೆ. ಆದ್ದರಿಂದ ಧಾರವಾಡದಲ್ಲಿರುವ ನಾನು, ನನ್ನ ಗುರುತು ಯಾರಿಗೂ ಇರದ, ಹಮಾಲರ ಮನೆಗಳೇ ಹೆಚ್ಚಾಗಿರುವ ಹುಬ್ಬಳ್ಳಿಯ ಒಂದು ಓಣಿಯ ಅಂಗಡಿಗೆ ಹೋದೆ.

ಅಂಗಡಿಯ ಹಿರಿಯರು ಮೊದಲು ನನ್ನನ್ನು ನಂಬಲಿಲ್ಲ. ಚುನಾವಣೆಗೆ ನಿಲ್ಲುವವನೇ ಎಂದು ಎರಡು ಸಲ ಕೇಳಿದರು. ಮೂರನೆಯ ಭೇಟಿಯಲ್ಲಿ ಒಪ್ಪಿ, ಪುಸ್ತಕದಲ್ಲಿನ ಹೆಸರುಗಳ ಮೇಲೆ ಅಂಗೈಯಿಟ್ಟು, ಸಾಮಾನಿನ ಸಾಲುಗಳನ್ನೂ ಮೊತ್ತವನ್ನೂ ಮಾತ್ರ ತೋರಿಸಿದರು. ಹೆಸರು ನನಗೆ ತಿಳಿಯಬಾರದೆಂಬುದು ನಾನೇ ಹಾಕಿದ ಕರಾರು, ಏಕೆಂದರೆ ಹೆಸರು ತಿಳಿದರೆ ಮುಂದೆ ಎಂದಾದರೂ ಆ ಮನೆಯ ಮುಂದೆ ಹಾಯುವಾಗ ನನ್ನ ಕಣ್ಣು ಅತ್ತ ತಿರುಗುತ್ತದೆ. ಫೋನ್‌ಪೇ ಮಾಡಿದರೆ ನನ್ನ ಹೆಸರು ಅವರಿಗೆ ಕಾಣುವುದರಿಂದ ನಗದನ್ನೇ ಕೊಟ್ಟೆ. ಅವರು ಸೂಚಿಸಿದ 6 ಖಾತೆಗಳಿಗೆ 9,200 ರೂಪಾಯಿ ಆಯಿತು. ಅದು ನನ್ನ ಹಬ್ಬದ ಬೋನಸ್ಸಿನ ಒಂದು ಭಾಗ.

ತಪ್ಪಾದದ್ದು ಇಲ್ಲಿಯೇ. ಆ ಆರರಲ್ಲಿ ಒಂದು, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರ ಖಾತೆ. ಬಾಕಿ ಮುಟ್ಟಿದೆಯೆಂದು ಅಂಗಡಿಯವರು ಹೇಳಿದಾಗ ಆಕೆ, “ನನ್ನ ಬಾಕಿ ಯಾವ ಗಂಡಸು ಕೊಟ್ಟಾನು? ಹೆಸರು ಹೇಳ್ರಿ” ಎಂದು ಎಲ್ಲರೆದುರು ಕೇಳಿದರಂತೆ. ಓಣಿಯಲ್ಲಿ ಮಾತು ಹಬ್ಬಿತು, ಹಬ್ಬ ಮುಗಿಯುವವರೆಗೂ ಆಕೆ ಅಂಗಡಿಯತ್ತ ಬರಲಿಲ್ಲ. ಅಂಗಡಿಯವರು ನನಗೆ ಫೋನಿನಲ್ಲಿ, “ಸಾಹೇಬ್ರ, ಯಾರ ಕೊಟ್ಟಾರ ಅಂದ್ರ ನಾ ಏನ್ ಹೇಳ್ಲಿ?” ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೆಸರು ಮುಚ್ಚಿಟ್ಟುದು ನನಗೆ ನೆಮ್ಮದಿ ತಂದಿತ್ತು, ಆಕೆಗೆ ಅಪವಾದ ತಂದಿತು.

2024ರಲ್ಲಿ ಕ್ರಮವನ್ನೇ ಬದಲಿಸಿದೆ. ಯಾರನ್ನೂ ಆರಿಸದೆ, ಆ ಓಣಿಯಲ್ಲಿ 1,500 ರೂಪಾಯಿಯೊಳಗೆ ಬಾಕಿಯಿದ್ದ ಎಲ್ಲ 17 ಖಾತೆಗಳನ್ನೂ ತೀರಿಸಿದೆ. ಒಟ್ಟು 15,870 ರೂಪಾಯಿ. ದೊಡ್ಡ ಬಾಕಿಯೊಂದರಲ್ಲಿ ಸ್ವಲ್ಪ ಕಡಿಮೆ ಮಾಡುವುದಕ್ಕಿಂತ ಸಣ್ಣ ಬಾಕಿಯನ್ನು ಪೂರ್ತಿ ಅಳಿಸುವುದೇ ಮೇಲು, ಏಕೆಂದರೆ ಖಾತೆ ಚುಕ್ತಾ ಆದವರಿಗೆ ಅಂಗಡಿಯಲ್ಲಿ ತಲೆಯೆತ್ತಿ ಮತ್ತೆ ಸಾಮಾನು ಕೇಳುವ ಹಕ್ಕು ಮರಳುತ್ತದೆ. ಕೆಲವು ಹಾಳೆಗಳಲ್ಲಿ ಬೀಡಿ, ತಂಬಾಕು ಇದ್ದವು. ಅವನ್ನು ಕಳೆದು ಕೊಡಬೇಕೆಂಬ ಯೋಚನೆ ಬಂದರೂ ಕೈಬಿಟ್ಟೆ, ಇನ್ನೊಬ್ಬರ ಸಾಮಾನಿನ ಚೀಟಿಯನ್ನು ತಿದ್ದುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಹಣವನ್ನು ನೀರು ತುಂಬುವ ಹಬ್ಬಕ್ಕೆ ಮೂರು ದಿನ ಮೊದಲೇ ಮುಟ್ಟಿಸಿದೆ, ಪಾಡ್ಯ ಕಳೆದ ಮೇಲೆ ತೀರಿದ ಬಾಕಿಯಿಂದ ಯಾರ ಮನೆಯಲ್ಲಿಯೂ ಕರ್ಚಿಕಾಯಿ ಕರಿಯಲಾಗುವುದಿಲ್ಲ. ಕೇಳಿದವರಿಗೆ ಸುಳ್ಳು ಹೇಳಬಾರದೆಂದೂ ನಿಶ್ಚಯಿಸಿದೆವು: ಕೊಟ್ಟವರು ಹೆಸರು ಹೇಳಬೇಡವೆಂದಿದ್ದಾರೆ, ಓಣಿಯ ಎಲ್ಲ ಸಣ್ಣ ಖಾತೆಗಳಿಗೂ ಕೊಟ್ಟಿದ್ದಾರೆ, ಬೇಡವಾದರೆ ಬೇಡವೆನ್ನಬಹುದು.

ಒಬ್ಬರು ಬೇಡವೆಂದರು. ಹಮಾಲಿಯಲ್ಲೇ ಕೂದಲು ಬೆಳ್ಳಗಾದವರು, ತಮ್ಮ 640 ರೂಪಾಯಿಯನ್ನು ಮರುದಿನ ತಾವೇ ತಂದುಕೊಟ್ಟು, ತಮ್ಮ ಹಾಳೆಯಲ್ಲಿ ಸ್ವತಃ ಗೆರೆ ಎಳೆಸಿದರು. ಆ ಹಣ ಮುಂದಿನ ವರ್ಷಕ್ಕೆ ಅಂಗಡಿಯಲ್ಲಿಯೇ ಉಳಿಯಿತು. ಅವರ ನಿರಾಕರಣೆಗೆ ನನ್ನಲ್ಲಿ ಗೌರವವಲ್ಲದೆ ಬೇರೇನೂ ಇಲ್ಲ.

2025ರ ಹೊತ್ತಿಗೆ ಲೆಕ್ಕವೆಲ್ಲ ಅಂಗಡಿಯ ಹಿರಿಯರ ಮಗನ ಮೊಬೈಲಿಗೆ ಸೇರಿತ್ತು. ಜಮೆ ಬರೆದ ಕೂಡಲೇ ‘ನಿಮ್ಮಿಂದ ಇಷ್ಟು ಹಣ ಬಂದಿದೆ’ ಎಂಬ ಸಂದೇಶ ಗಿರಾಕಿಗೆ ತಾನಾಗಿಯೇ ಹೋಗುತ್ತದೆ. ತಾವು ಕೊಡದ ಹಣಕ್ಕೆ ಹಾಗೊಂದು ಸಂದೇಶ ಬಂದರೆ ಯಾರಾದರೂ ಗಾಬರಿಯಾಗುತ್ತಾರೆ. ಅದನ್ನು ನಿಲ್ಲಿಸುವ ಬಗೆ ಹುಡುಕಿ ನಾವು ಮೂವರೂ ಒಂದು ಸಂಜೆ ಕುಳಿತೆವು. ಕೊನೆಗೆ, ಹಿರಿಯರು ಒಬ್ಬೊಬ್ಬರಿಗೂ ಎದುರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುವವರೆಗೆ ಜಮೆ ಬರೆಯುವುದಿಲ್ಲವೆಂದು ಮಗ ಒಪ್ಪಿದ. ಅಲ್ಲಿಯವರೆಗೆ ಹಣ ಗಲ್ಲಾಪೆಟ್ಟಿಗೆಯಲ್ಲಿ, ಹಳೆಯ ಕೆಂಪು ಖಾತೆ ಪುಸ್ತಕದ ನಡುವೆ ಇತ್ತು.