ಕಾಡುಹೂ ನೋಡುವ ಚಾರಣಕ್ಕೆ ದಿನ ಗೊತ್ತುಮಾಡುವ ಬಗೆ

ವಸಂತದ ಕಾಡುಹೂಗಳನ್ನು ನೋಡಲು ಹೊರಡುವವರು ಕ್ಯಾಲೆಂಡರಿಗಿಂತ ಮರಗಳ ಚಿಗುರನ್ನು ನೋಡಿ ದಿನ ಗೊತ್ತುಮಾಡುವುದು ಒಳ್ಳೆಯದು: ಮೇಲಿನ ಕೊಂಬೆಗಳಲ್ಲಿ ಮೊಗ್ಗು ಒಡೆಯುತ್ತಿದ್ದು, ಎಲೆಗಳು ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಹೊತ್ತೇ ಸರಿಯಾದ ಹೊತ್ತು. ಎಲೆ ಉದುರಿಸುವ ಕಾಡುಗಳಲ್ಲಿ ಬ್ಲಡ್‌ರೂಟ್, ಹೆಪಾಟಿಕಾ, ಟ್ರಿಲಿಯಮ್ ಮೊದಲಾದ ಗಿಡಗಳು, ಮೇಲೆ ಎಲೆಗಳ ಚಪ್ಪರ ಮುಚ್ಚಿ ನೆಲಕ್ಕೆ ನೆರಳು ಕವಿಯುವ ಮೊದಲೇ ಸಿಗುವ ಬಿಸಿಲನ್ನು ನೆಚ್ಚಿಕೊಂಡು ಹೂಬಿಡುತ್ತವೆ. ತಗ್ಗಿನ ಹಾದಿಯಲ್ಲಿ ಆ ಹೊತ್ತು ಮೀರಿದ್ದರೆ ಚಾರಣವನ್ನೇ ಕೈಬಿಡಬೇಕಾಗಿಲ್ಲ. ಎತ್ತರ 120 ಮೀಟರ್ ಹೆಚ್ಚಿದಂತೆಲ್ಲ ವಸಂತ ಸುಮಾರು 4 ದಿನ ತಡವಾಗುತ್ತದೆ ಎಂಬ ಹಳೆಯ ಅಂದಾಜಿನಂತೆ ಇನ್ನೂ ಮೇಲಿನ ಹಾದಿಯನ್ನು, ಅಥವಾ ಉತ್ತರ ಗೋಳಾರ್ಧದಲ್ಲಾದರೆ ಬಿಸಿಲು ಕಡಿಮೆ ತಾಗುವ ಉತ್ತರದ ಇಳಿಜಾರನ್ನು ಆರಿಸಿಕೊಳ್ಳಬಹುದು. ಬ್ಲಡ್‌ರೂಟ್‌ನ ಬಿಳಿಯ ದಳಗಳು ರಾತ್ರಿಯಲ್ಲೂ ಮೋಡ ಕವಿದ ದಿನಗಳಲ್ಲೂ ಮಡಿಚಿಕೊಂಡಿರುವುದರಿಂದ, ಬಿಸಿಲೇರಿದ ಮೇಲೆ ಅಲ್ಲಿಗೆ ತಲುಪುವಂತೆ ಹೊರಡಿ. ವರ್ಷವಿಡೀ ಹಸಿರಾಗಿರುವ ಪೈನ್, ಸ್ಪ್ರೂಸ್ ಕಾಡುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇದ್ದಕ್ಕಿದ್ದಂತೆ ಸೆಕೆ ಏರಿದ ವರ್ಷವೂ ಹೂಗಳು ಬೇಗನೆ ಉದುರಿ ಲೆಕ್ಕ ತಪ್ಪಬಹುದು. ಈ ಕಾಲದಲ್ಲಿ ಹಾದಿ ಕೆಸರಾಗಿರುವುದು ಸಾಮಾನ್ಯ, ಆದರೂ ದಯವಿಟ್ಟು ಕೆಸರಿನಲ್ಲೇ ನಡೆಯಿರಿ. ಬೀಜದಿಂದ ಮೊದಲ ಹೂವಿನವರೆಗೆ ಹಲವು ವರ್ಷ ತೆಗೆದುಕೊಳ್ಳುವ ಟ್ರಿಲಿಯಮ್ ಸಸಿಗಳು ಹಾದಿಯ ಅಂಚಿನಲ್ಲೇ ಇರಬಹುದು.