ಮರದ ಡೆಕ್‌ಗೆ ಕಟಾಂಜನದ ಕಂಬಗಳನ್ನು ಭದ್ರವಾಗಿ ಕೂರಿಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆಗಳಿಗೂ ಹೋಂಸ್ಟೇಗಳಿಗೂ ಮರದ ಡೆಕ್ ಹಾಕಿಸುವುದು ಈಗ ಸಾಮಾನ್ಯವಾಗಿದೆ. ಮೊದಲು ಡೆಕ್ ಮಾಡಿಸಿ, ಕಟಾಂಜನವನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟವರು, ಕೊನೆಗೆ ಕಂಬದ ಬುಡಕ್ಕೆ ನಾಲ್ಕು ಎಲ್ ಪಟ್ಟಿ ಇಟ್ಟು ಹಲಗೆಯ ಮೇಲೆ ಸ್ಕ್ರೂ ಬಿಗಿಸಿ ಮುಗಿಸಿಬಿಡುತ್ತಾರೆ. ಹಾಕಿದ ದಿನ ಗಟ್ಟಿಯಾಗಿಯೇ ಕಾಣುವ ಈ ಕಂಬ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲುಗಾಡತೊಡಗುತ್ತದೆ, ಏಕೆಂದರೆ ಒಂದಿಂಚು ದಪ್ಪದ ಹಲಗೆಗೆ ಕಂಬವನ್ನು ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ.

ನಮ್ಮ ಹಳೆಯ ಮನೆಗಳ ಜಗಲಿಯ ಕಂಬಗಳು ಕಲ್ಲಿನ ಕುಳಿಯಲ್ಲಿ ಸುಮ್ಮನೆ ಕೂತಿದ್ದರೂ ನೂರು ವರ್ಷ ನಿಂತಿವೆಯಲ್ಲ ಎಂದು ಕೇಳುವವರಿದ್ದಾರೆ. ಆ ಕಂಬಗಳ ತಲೆಯ ಮೇಲೆ ಮಾಡಿನ ಭಾರವಿದೆ, ಮೇಲಿನ ತೊಲೆ ಅವನ್ನು ಹಿಡಿದುಕೊಂಡಿದೆ. ಕಟಾಂಜನದ ಕಂಬಕ್ಕೆ ತಲೆಯಲ್ಲಿ ಯಾವ ಹಿಡಿತವೂ ಇಲ್ಲ. ಅಲ್ಲಿ ಬೀಳುವ ಒತ್ತಡವನ್ನೆಲ್ಲ ಬುಡವೇ ತಡೆಯಬೇಕು. ಅಮೆರಿಕದ ಮನೆ ನಿರ್ಮಾಣ ಸಂಹಿತೆಯು ಕಟಾಂಜನದ ಮೇಲಂಚು 200 ಪೌಂಡ್, ಅಂದರೆ ಸುಮಾರು 90 ಕೆ.ಜಿ. ಒತ್ತಡವನ್ನು ತಡೆಯಬೇಕೆಂದು ಹೇಳುತ್ತದೆ. ಡೆಕ್‌ನಿಂದ 1 ಮೀಟರ್ ಎತ್ತರದ ಕಂಬದ ತುದಿಯಲ್ಲಿ ಅಷ್ಟು ಒತ್ತಡ ಬಿದ್ದರೆ, 12 ಸೆಂ.ಮೀ. ಅಂತರದಲ್ಲಿರುವ ಎರಡು ಬೋಲ್ಟ್‌ಗಳ ಪೈಕಿ ಮೇಲಿನದರ ಮೇಲೆ 800 ಕೆ.ಜಿ.ಗೂ ಮೀರಿದ ಬಲ ಬೀಳುತ್ತದೆ. ಕೊಡಚಾದ್ರಿಯ ಕಡೆ ಮುಖ ಮಾಡಿದ ಡೆಕ್ ಆದರಂತೂ ಬಂದ ಅತಿಥಿಗಳೆಲ್ಲ ಒಂದೇ ಮೂಲೆಗೆ ಆತುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆಂಬುದನ್ನು ಮರೆಯಬಾರದು.

ಆದ್ದರಿಂದ ಈ ಬಲವನ್ನು ಡೆಕ್‌ನ ಹಲಗೆಗಳನ್ನು ಕೆಳಗಿನಿಂದ ಹೊತ್ತಿರುವ ಜಂತಿಗಳಿಗೆ ಸಾಗಿಸುವುದೇ ಇಲ್ಲಿನ ಮುಖ್ಯ ಕೆಲಸ. ಜಂತಿಗಳ ತುದಿಗೆ ಅಡ್ಡಲಾಗಿ ಹೊಡೆದಿರುವ ಅಂಚುಪಟ್ಟಿಯನ್ನು ನಂಬಿ ಕೂರಬಾರದು. ಅದು ಸಾಮಾನ್ಯವಾಗಿ ಜಂತಿಯ ಕಡಿದ ತುದಿಗೆ ಮೊಳೆಗಳಿಂದ ಕೂತಿರುತ್ತದೆ. ಕಂಬವನ್ನು ಅದಕ್ಕೆ ಮಾತ್ರ ಬೋಲ್ಟ್ ಮಾಡಿದರೆ, ಬೋಲ್ಟ್ ಎಷ್ಟೇ ದಪ್ಪವಿದ್ದರೂ ಪಟ್ಟಿಯೇ ಕಂಬದ ಸಮೇತ ಹೊರಕ್ಕೆ ಕಿತ್ತು ಬರಬಹುದು.

ಕೆಲಸಕ್ಕೆ ಕೈ ಹಾಕುವ ಮುನ್ನ ಡೆಕ್‌ನ ಕೆಳಗೆ ಹೋಗಿ, ಚೂಪಾದ ಸ್ಕ್ರೂಡ್ರೈವರಿನಿಂದ ಜಂತಿಗಳ ತುದಿಯನ್ನು ಚುಚ್ಚಿ ನೋಡಬೇಕು. ಮೊನೆ ಸುಲಭವಾಗಿ ಒಳಗೆ ಇಳಿದರೆ, ಅಥವಾ ಗೆದ್ದಲಿನ ಮಣ್ಣಿನ ದಾರಿ ಕಂಡರೆ, ಜಂತಿಯನ್ನು ಮೊದಲು ಸರಿಪಡಿಸದೆ ಕಂಬದ ಮಾತು ಎತ್ತಬಾರದು. ಕಂಬಕ್ಕೆ 90 ಮಿ.ಮೀ. ಚೌಕದ, ಚೆನ್ನಾಗಿ ಒಣಗಿದ ಸಾಗುವಾನಿ, ಹೊನ್ನೆ ಅಥವಾ ಮತ್ತಿಯ ಕೆಚ್ಚು ಒಳ್ಳೆಯದು. ತೋಟದಲ್ಲೇ ಇದೆಯೆಂದು ಸಿಲ್ವರ್ ಓಕನ್ನು ಬಯಲಿನ ಮಳೆಗೆ ಒಡ್ಡುವುದು ಬೇಡ.

ಅಂಚುಪಟ್ಟಿಯ ಒಳಬದಿಯಲ್ಲಿ, ಅದು ಜಂತಿಯನ್ನು ಕೂಡುವ ಮೂಲೆಯಲ್ಲಿ ಕಂಬವನ್ನು ಇಳಿಸುವುದು ಸರಿಯಾದ ಕ್ರಮ. ಇದಕ್ಕಾಗಿ ಡೆಕ್‌ನ ಹಲಗೆಯನ್ನು ಕಂಬದ ಅಳತೆಗಿಂತ ಸುತ್ತಲೂ 5 ಮಿ.ಮೀ. ಹೆಚ್ಚಾಗಿ ಕತ್ತರಿಸಬೇಕು, ಈ ಸಂದು ನೀರು ಇಳಿದುಹೋಗುವ ದಾರಿಯಾದ್ದರಿಂದ ಅದನ್ನು ಸಿಲಿಕೋನ್ ತುಂಬಿ ಮುಚ್ಚಬಾರದು. ಕಂಬದ ಒಂದು ಮುಖ ಅಂಚುಪಟ್ಟಿಗೂ ಇನ್ನೊಂದು ಮುಖ ಜಂತಿಯ ಪಕ್ಕಕ್ಕೂ ತಾಗಿ ಕೂತ ಮೇಲೆ, ರಸಮಟ್ಟ ಹಿಡಿದು ಎರಡೂ ದಿಕ್ಕಿನಲ್ಲಿ ನೆಟ್ಟಗಿದೆಯೇ ಎಂದು ನೋಡಿ ಕ್ಲಾಂಪ್ ಹಾಕಬೇಕು. ಬಳಿಕ ಜಂತಿಯ ಮೂಲಕ ಎರಡು, ಅಂಚುಪಟ್ಟಿಯ ಮೂಲಕ ಎರಡು, ಹೀಗೆ 12 ಮಿ.ಮೀ. ಬೋಲ್ಟ್‌ಗಳನ್ನು ಆರ್‌ಪಾರ್ ಹಾಯಿಸಬೇಕು. ಒಂದು ಜೋಡಿ ಇನ್ನೊಂದಕ್ಕೆ ಕಂಬದೊಳಗೆ ಅಡ್ಡ ಬಾರದಂತೆ ಎತ್ತರದಲ್ಲಿ ತುಸು ವ್ಯತ್ಯಾಸವಿರಲಿ. ಪ್ರತಿ ತೂತೂ ಮರದ ಅಂಚಿನಿಂದ ಕನಿಷ್ಠ ಎರಡು ಬೆರಳಿನಷ್ಟು ಒಳಗಿರಲಿ. ಒಂದು ಜೋಡಿಯ ಎರಡು ಬೋಲ್ಟ್‌ಗಳ ನಡುವೆ ಜಂತಿಯ ಎತ್ತರ ಬಿಟ್ಟುಕೊಡುವಷ್ಟೂ ಅಂತರ ಇಡುವುದು ಲಾಭ, ಏಕೆಂದರೆ ಅಂತರ ಹೆಚ್ಚಿದಷ್ಟೂ ಪ್ರತಿ ಬೋಲ್ಟ್‌ನ ಮೇಲಿನ ಎಳೆತ ಕಡಿಮೆಯಾಗುತ್ತದೆ. ಕಂಬದ ಹಿಂಬದಿಯಲ್ಲಿ ಈ ಜಂತಿಗೂ ಪಕ್ಕದ ಜಂತಿಗೂ ನಡುವೆ ಜಂತಿಯಷ್ಟೇ ಎತ್ತರದ ಗಟ್ಟಿ ಅಡ್ಡತುಂಡನ್ನು ಬಿಗಿಯಾಗಿ ಕೂರಿಸಿದರೆ, ಕಂಬದ ಬುಡ ಒಳಕ್ಕೆ ಒದೆಯುವುದಕ್ಕೆ ಜಾಗವಿರುವುದಿಲ್ಲ.

ಡೆಕ್‌ನ ಪಕ್ಕದ ಅಂಚಿನಲ್ಲಿ, ಅಂದರೆ ಕೊನೆಯ ಜಂತಿಯೇ ಅಂಚಾಗಿರುವ ಕಡೆ, ಸಮಸ್ಯೆ ಬೇರೆ. ಅಲ್ಲಿ ಒಂಟಿ ಜಂತಿಗೆ ಕಂಬ ಬಿಗಿದರೆ ಒತ್ತಡಕ್ಕೆ ಜಂತಿಯೇ ಮಗ್ಗುಲಿಗೆ ಹೊರಳುತ್ತದೆ. ಕಂಬದ ನೇರಕ್ಕೆ ಮುಂದಿನ ಎರಡು ಜಂತಿಗಳವರೆಗೆ ಸಾಲಾಗಿ ಅಡ್ಡತುಂಡುಗಳನ್ನು ಕೂರಿಸಿ, ಕಂಬದ ಮೇಲಿನ ಬೋಲ್ಟನ್ನು ಮೊದಲ ಅಡ್ಡತುಂಡಿಗೆ ಕಬ್ಬಿಣದ ಕೋನಪಟ್ಟಿಯಿಂದ ಜೋಡಿಸಬೇಕು. ಸಿದ್ಧ ಪಟ್ಟಿ ಸಿಗದಿದ್ದರೆ 6 ಮಿ.ಮೀ. ದಪ್ಪದ ಆಂಗಲ್ ತುಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ತೂತು ಹಾಕಿಸಿ, ಬಿಸಿ ಸತುವಿನ ಲೇಪ ಮಾಡಿಸಿಕೊಂಡರೆ ಸಾಕು.

ಕಂಬದ ಬುಡವನ್ನು ಅರ್ಧ ಕಡಿದು ಅಂಚಿನ ಮೇಲೆ ಕೂರಿಸುವ ಅಭ್ಯಾಸ ನಮ್ಮ ಆಚಾರಿಗಳಲ್ಲಿ ಹಲವರಿಗಿದೆ. ನೋಡಲು ಅದು ಅಚ್ಚುಕಟ್ಟು. ಆದರೆ ಬಲ ಅತಿ ಹೆಚ್ಚಾಗಿ ಬೀಳುವ ಜಾಗದಲ್ಲೇ ಮರ ಅರ್ಧವಾಗಿ, ಕಡಿದ ಮೂಲೆಯಿಂದ ಸೀಳು ಏಳುತ್ತದೆ. ಎಷ್ಟು ಒತ್ತಾಯಿಸಿದರೂ ಒಪ್ಪಬೇಡಿ.

ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದರಿಂದ ಬೋಲ್ಟ್‌ನ ಆಯ್ಕೆಯಲ್ಲಿ ಉಳಿತಾಯ ಮಾಡಲಾಗದು. ಹೊಳೆಯುವ ತೆಳುಲೇಪದ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ, ಹುಳ ಹಿಡಿಯದಂತೆ ತಾಮ್ರದ ಔಷಧ ಹಾಕಿದ ಮರದಲ್ಲಂತೂ ಇನ್ನೂ ಬೇಗ. ಬಿಸಿ ಸತುವಿನ ಲೇಪದ್ದು ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಬೋಲ್ಟನ್ನೇ ಬಳಸಬೇಕು. ಎರಡೂ ತುದಿಗೆ ಅಗಲವಾದ, ದಪ್ಪ ವಾಷರ್ ಇರಲಿ. ಕಂಬದ ಕಡಿದ ಬುಡಕ್ಕೂ ತೂತುಗಳ ಒಳಮೈಗೂ ಗೇರೆಣ್ಣೆಯನ್ನು, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು, ಎರಡು ಸಲ ಬಳಿದು ಒಣಗಿಸಿದ ಮೇಲೆಯೇ ಬೋಲ್ಟ್ ಹಾಯಿಸಬೇಕು. ಆ ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸು ತಪ್ಪಿಸುವಂತಿಲ್ಲ. ಕಂಬದ ತಲೆಯನ್ನು ಇಳಿಜಾರಾಗಿ ಕತ್ತರಿಸಿದರೆ ನೀರು ನಿಲ್ಲುವುದಿಲ್ಲ.

ಕಂಬದಿಂದ ಕಂಬಕ್ಕೆ 6 ಅಡಿ ಮೀರದಿರಲಿ, ನಡುವಿನ ಸರಳುಗಳ ಸಂದು 4 ಇಂಚಿಗಿಂತ ಕಡಿಮೆ ಇರಲಿ. ಕಂಬಗಳ ಮೇಲಿನ ಅಡ್ಡಪಟ್ಟಿ ಹಾಕುವ ಮೊದಲೇ ಪ್ರತಿ ಕಂಬವನ್ನೂ ಪರೀಕ್ಷಿಸಬೇಕು: ಒಬ್ಬರು ಡೆಕ್‌ನ ಒಳಗೆ ನಿಂತು ಕಂಬದ ತಲೆಗೆ ಹಗ್ಗ ಕಟ್ಟಿ ಒಳಕ್ಕೆ ಜಗ್ಗಿ ಬಿಡುತ್ತಿರುವಾಗ, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಅಲುಗುತ್ತಿರುವುದು ಯಾವುದೆಂದು ನೋಡಬೇಕು. ಬೋಲ್ಟ್‌ನ ತೂತಿನಲ್ಲಿ ಕಂಬ ಅಲುಗಿದರೆ ನಟ್ ಬಿಗಿಸಬೇಕು. ಜಂತಿ ಹೊರಳಿದರೆ ಇನ್ನೊಂದು ಅಡ್ಡತುಂಡು ಬೇಕು. ಅಂಚುಪಟ್ಟಿಯ ಸಂದು ಬಾಯಿ ಬಿಟ್ಟರೆ ಅದನ್ನು ಕೋನಪಟ್ಟಿಯಿಂದ ಜಂತಿಗೆ ಹಿಡಿಸಬೇಕು.

ಪುಷ್ಯ ಮಳೆಯಲ್ಲಿ ಉಬ್ಬಿದ ಮರ ಶಿವರಾತ್ರಿಯ ಹೊತ್ತಿಗೆ ಒಣಗಿ ಕುಗ್ಗುತ್ತದೆ, ಆಗ ನಟ್‌ಗಳು ತಾವಾಗಿಯೇ ಸಡಿಲವಾಗುತ್ತವೆ. ಅದಕ್ಕಾಗಿ ನಟ್‌ನ ತುದಿಗಳು ಕೆಳಗಿನಿಂದ ಪಾನಾ ಹಾಕಲು ಸಿಗುವ ಕಡೆಗೇ ಬರುವಂತೆ ಮೊದಲೇ ಬೋಲ್ಟ್ ಹಾಯಿಸಿ, ಪ್ರತಿ ವರ್ಷ ಬೇಸಿಗೆ ಏರುವ ಮುಂಚೆ ಎಲ್ಲ ನಟ್‌ಗಳನ್ನೂ ಒಮ್ಮೆ ಬಿಗಿಸಿಕೊಳ್ಳಬೇಕು. ಬಿಗಿಸುವಾಗ ವಾಷರ್ ಮರದೊಳಗೆ ಹೂತುಹೋಗುತ್ತಿದ್ದರೆ ಇನ್ನಷ್ಟು ಬಿಗಿಸದೆ, ಅದನ್ನು ತೆಗೆದು ದೊಡ್ಡ ಚೌಕದ ತಗಡನ್ನು ಹಾಕಬೇಕು.